ದಾಸವಾಳದ ಬೇಲಿಗೆ ಬಿಳಿ ಹುಳ: ಇಮಿಡಾಕ್ಲೋಪ್ರಿಡ್ ಹೊಡೆಯಲೋ, ಪ್ರೊಫೆನೊಫಾಸ್ ಹೊಡೆಯಲೋ?

ಈ ಎರಡು ಕೀಟನಾಶಕಗಳೂ ಬೇಡ. ಸುಳಿ ಮುದುಡಿ ಗಂಟು ಕಟ್ಟಿದೆ, ಹತ್ತಿಯ ಹಾಗೆ ಬಿಳಿ ಮೆತ್ತಿದೆ, ಕೆಳಗಿನ ಎಲೆಗೆಲ್ಲ ಕಪ್ಪು ಮಸಿ ಹಿಡಿದಿದೆ ಎಂದು ಬರೆದಿದ್ದೀರಿ. ಮೈಸೂರಿನ ನಮ್ಮ ಮನೆಯ ದಾಸವಾಳದ ಬೇಲಿಗೂ ಇದೇ ಆಗಿತ್ತು. ಅಮ್ಮ ದಿನಾ ಪೂಜೆಗೆ ಹೂ ಕೀಳುತ್ತಿದ್ದ ಬೇಲಿ. ಕೊನೆಗೆ ಅರ್ಧ ಭಾಗವನ್ನು ಬುಡಕ್ಕೆ ಕಡಿಸಬೇಕಾಯಿತು.

ಇದು ಹಿಟ್ಟು ತಿಗಣೆ, ಗಿಡದ ರಸ ಹೀರುವ ಹುಳ. ಅಷ್ಟು ನನಗೂ ಗೊತ್ತಿತ್ತು. ಆದರೆ ಬೇಲಿಯಲ್ಲಿ ಬಿಳಿ ಹುಳ ಎರಡು ಥರ ಇದ್ದವು. ಒಂದು ಸಣ್ಣದು, ಹೆಚ್ಚು ಕದಲದೆ ಕಾಂಡಕ್ಕೆ ಅಂಟಿಕೊಂಡಿತ್ತು. ಇನ್ನೊಂದು ಅದಕ್ಕಿಂತ ದೊಡ್ಡದು, ಮೈತುಂಬ ಮೇಣದ ಉದ್ದುದ್ದ ಎಳೆ, ಚುರುಕಾಗಿ ಓಡಾಡುತ್ತಿತ್ತು. ದೊಡ್ಡದೇ ತಾಯಿ ಇರಬೇಕು, ಅದು ಸತ್ತರೆ ಸಂತಾನ ನಿಲ್ಲುತ್ತದೆ ಅಂದುಕೊಂಡೆ. ಹುಡುಕಿ ಹುಡುಕಿ ಅದರ ಮೇಲೇ ಔಷಧಿ ಹೊಡೆದೆ. ಅದು ಹಿಟ್ಟು ತಿಗಣೆಯೇ ಅಲ್ಲ! ಹಿಟ್ಟು ತಿಗಣೆಯನ್ನು ತಿಂದು ಬದುಕುವ ಗುಲಗಂಜಿ ಹುಳದ ಮರಿ. ಹೆಸರು ಕ್ರಿಪ್ಟೋಲೀಮಸ್. 1898ರಲ್ಲಿ ಕಾಫಿ ಗಿಡದ ಕೀಟಕ್ಕೆಂದು ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದದ್ದು. ದ್ರಾಕ್ಷಿ ಬೆಳೆಯುವವರು ದುಡ್ಡು ಕೊಟ್ಟು ತಂದು ತೋಟಕ್ಕೆ ಬಿಡುತ್ತಾರೆ. ನಮ್ಮ ಬೇಲಿಗೆ ತಾನಾಗಿಯೇ ಬಂದಿತ್ತು.

ಔಷಧಿಯಿಂದ ಆದದ್ದು ಏನು ಅಂದರೆ, ಬಯಲಲ್ಲಿ ಓಡಾಡುತ್ತಿದ್ದ ಈ ಮರಿಗಳೆಲ್ಲ ಸತ್ತವು. ತಿಗಣೆಗಳು ಮುದುಡಿದ ಸುಳಿಯ ಒಳಗೆ ಕೂತಿದ್ದವು. ಮೈಮೇಲೆ ಮೇಣ, ಮೊಟ್ಟೆಗಳ ಸುತ್ತ ಹತ್ತಿಯಂಥ ಚೀಲ. ಅಲ್ಲಿಗೆ ಔಷಧಿ ಸರಿಯಾಗಿ ಇಳಿಯಲೇ ಇಲ್ಲ. ಒಂದೊಂದು ಚೀಲದಲ್ಲಿ ನೂರಾರು ಮೊಟ್ಟೆ ಇರುತ್ತವೆ. ಸ್ವಲ್ಪ ದಿನ ಬೇಲಿ ಚೆನ್ನಾಗಿ ಕಂಡಿತು. ಆಮೇಲೆ ಮೊಟ್ಟೆ ಒಡೆದು ಬಂದ ಮರಿಗಳನ್ನು ತಿನ್ನುವವರು ಯಾರೂ ಉಳಿದಿರಲಿಲ್ಲ. ಮೊದಲಿಗಿಂತ ಜಾಸ್ತಿ ಆಯಿತು. ಮತ್ತೆ ಹೊಡೆದೆ, ಮತ್ತೆ ಹೆಚ್ಚಾಯಿತು. ಔಷಧಿ ಬದಲಿಸಿದರೂ ಕಥೆ ಅದೇ. ಅದಕ್ಕೇ ಯಾವ ಔಷಧಿ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ.

ಮೊದಲು ಒಂದು ಹುಳವನ್ನು ಕಡ್ಡಿಯಿಂದ ಹಿಸುಕಿ ನೋಡಿ. ಗುಲಾಬಿ ಬಣ್ಣ ಬಂದರೆ ದಾಸವಾಳದ ಗುಲಾಬಿ ಹಿಟ್ಟು ತಿಗಣೆ. ಸುಳಿ ಗಂಟು ಕಟ್ಟಿರುವುದರಿಂದ ನಿಮ್ಮದು ಇದೇ ಇರಬೇಕು. ಹಳದಿ ಬಂದರೆ ಬಹುಶಃ ಪಪ್ಪಾಯಿ ಹಿಟ್ಟು ತಿಗಣೆ. ಅದು 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡು ಪಪ್ಪಾಯಿ, ಹಿಪ್ಪುನೇರಳೆ ಬೆಳೆದವರನ್ನು ಕಂಗೆಡಿಸಿತ್ತು. 2010ರಲ್ಲಿ ಪೋರ್ಟೊರಿಕೊ ದ್ವೀಪದಿಂದ ಆ ತಿಗಣೆಯನ್ನು ಕೊಲ್ಲುವ ಪುಟಾಣಿ ಕಣಜಗಳನ್ನು ತರಿಸಿ, ಬೆಂಗಳೂರಿನ ಸರ್ಕಾರಿ ಕೀಟ ಸಂಶೋಧನಾ ಸಂಸ್ಥೆಯಲ್ಲಿ ಬೆಳೆಸಿ ಬಿಟ್ಟರು. ಕೋಟಿಗಟ್ಟಲೆ ರೂಪಾಯಿಯ ಬೆಳೆ ಉಳಿದದ್ದು ಆ ಕಣಜಗಳಿಂದ. ಈ ಔಷಧಿಗಳು ಅವುಗಳನ್ನೂ ಬಿಡುವುದಿಲ್ಲ.

ಗಂಟು ಕಟ್ಟಿದ ಸುಳಿಗಳನ್ನೆಲ್ಲ ಇವತ್ತೇ ಕತ್ತರಿಸಿ. ಓಡಾಡುವ ದೊಡ್ಡ ಬಿಳಿ ಮರಿ ಕಂಡರೆ ಬ್ರಷ್‌ನಿಂದ ಮೆಲ್ಲಗೆ ಪಕ್ಕದ ಕೊಂಬೆಗೆ ಬಿಡಿ. ಕತ್ತರಿಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬಿಸಾಡಿ. ಆಮೇಲೆ ಇರುವೆ. ತಿಗಣೆ ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಮಸಿ ಬೆಳೆಯುವುದೂ ಅದೇ ಅಂಟಿನ ಮೇಲೆ. ಇರುವೆಗಳು ಗುಲಗಂಜಿ ಹುಳವನ್ನು ಓಡಿಸಿ ತಿಗಣೆಯನ್ನು ಕಾಯುತ್ತವೆ. ಗೋಡೆಗೆ ತಾಗಿದ ಕೊಂಬೆ ಸವರಿ, ಬುಡದಲ್ಲಿ ಗೂಡಿದ್ದರೆ ಕೆದಕಿ ತೆಗೆಯಿರಿ. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಇದೇ.

ಉಳಿದದ್ದಕ್ಕೆ ಪೈಪಿನಲ್ಲಿ ಜೋರಾಗಿ ನೀರು ಬಿಡಿ. ಆಮೇಲೂ ಇದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಕಲಸಿ, ಸಂಜೆ ಹೊತ್ತು ತಿಗಣೆ ಇರುವ ಕಡೆಗೆ ಮಾತ್ರ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಇಮಿಡಾಕ್ಲೋಪ್ರಿಡ್ ಗಿಡದ ಒಳಗೇ ಸೇರಿ ಹೂವಿನ ಮಕರಂದಕ್ಕೂ ಹೋಗುತ್ತದೆ. ಜೇನು, ಸೂರಕ್ಕಿ ಬರುವ ಬೇಲಿಗೆ ಅದು ಬೇಡವೇ ಬೇಡ.

ಮುದುಡಿದ ಸುಳಿಯ ಫೋಟೋ ಹತ್ತಿರದಿಂದ ತೆಗೆದು ಹಾಕಿ. ಹಿಸುಕಿದಾಗ ಯಾವ ಬಣ್ಣ ಬಂತು ಅನ್ನುವುದನ್ನೂ ಬರೆಯಿರಿ.