ಬೀರು ಹಿಂದಿನ ಗೋಡೆಗೆ ಬೂಷ್ಟು: ಪೇಂಟ್ ಈಗಲೇ ಬೇಡ

ಮಡಿಕೇರಿ ಮನೆಯಲ್ಲಿ ಬೀರು ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಬಂದಿದೆ, ಬ್ಲೀಚ್ ಹಾಕಿ ಮೇಲೆ ಪೇಂಟ್ ಹೊಡೆಯಲಾ ಅಂತ ಕೇಳಿದ್ದೀರಿ. ಬೂಷ್ಟಿನ ಮೇಲೆ ಹೊಡೆದ ಪೇಂಟ್ ನಿಲ್ಲುವುದಿಲ್ಲ, ಸಿಪ್ಪೆ ಏಳುತ್ತದೆ, ದುಡ್ಡು ದಂಡ.

ಒಣ ಪೊರಕೆಯಲ್ಲಂತೂ ಕೆರೆಯಲೇಬೇಡಿ, ಅದರ ಪುಡಿ ಮನೆಯೆಲ್ಲ ಹಾರುತ್ತದೆ. ಫ್ಯಾನ್ ಆಫ್ ಮಾಡಿ, ಎನ್95 ಮಾಸ್ಕ್, ಗ್ಲೌಸ್ ಹಾಕಿ, ಕಿಟಕಿ ತೆರೆದು, ಸೋಪಿನ ಪುಡಿ ಕಲಸಿದ ನೀರಿನಲ್ಲಿ ಒದ್ದೆ ಮಾಡಿಕೊಂಡು ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಅವರು ಆ ಕಡೆ ಬರುವುದು ಬೇಡ. ಟೈಲ್ಸ್‌ಗೆ ಬ್ಲೀಚ್ ಸರಿ, ಆದರೆ ಗಾರೆ ಗೋಡೆ, ಮರದ ಒಳಗೆ ಇಳಿದ ಬೂಷ್ಟಿಗೆ ಅದರಿಂದ ಜಾಸ್ತಿ ಉಪಯೋಗ ಇಲ್ಲ. ಹಾಕುವುದೇ ಆದರೆ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ, ವಿನಿಗರ್ ಜೊತೆ ಅಪ್ಪಿತಪ್ಪಿಯೂ ಬೆರೆಸಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತದೆ, ಪ್ರಾಣಕ್ಕೇ ಅಪಾಯ.

ಅಸಲು ಕಾರಣ ತೇವ ಅಲ್ವಾ? ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದಿಡಿ, ಗಾಳಿ ಆಡಲಿ. ಮಳೆಗಾಲ ಅಂತ ಆ ರೂಮಿನಲ್ಲೇ ಒದ್ದೆ ಬಟ್ಟೆ ಒಣಹಾಕುತ್ತಿದ್ದರೆ ನಿಲ್ಲಿಸಿ. ರೂಮಿನ ಗಾಳಿಯ ತೇವಾಂಶ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, 60 ಶೇಕಡಾ ದಾಟದಿದ್ದರೆ ಒಳ್ಳೆಯದು. ಕೊಡಗಿನ ಜುಲೈಯಲ್ಲಿ ಬರೀ ಕಿಟಕಿ ತೆರೆದು ಇದು ಆಗುವ ಮಾತಲ್ಲ, ಗಾಳಿಯ ತೇವ ಹೀರುವ ಯಂತ್ರ (ಡಿಹ್ಯುಮಿಡಿಫೈಯರ್) ಬೇಕಾಗಬಹುದು.

ಒರೆಸಿದ ಜಾಗದಲ್ಲೇ ಮತ್ತೆ ಬಂದರೆ ಗೋಡೆಯ ಆಚೆ ಬದಿ, ಪೈಪು, ತಾರಸಿ ನೋಡಿಸಿ. ಸೋರಿಕೆ ನಿಂತು ಗೋಡೆ ಪೂರ್ತಿ ಒಣಗಿದ ಮೇಲೆ ಪೇಂಟರ್‌ನ ಕರೆಯಿರಿ.