ಎನ್‌ಐಸಿ: ಸೈಂಟಿಸ್ಟ್-ಬಿ ಇಂದ ಸೈಂಟಿಸ್ಟ್-ಜಿ ತನಕ
ಮೇಲಿನ ಹುದ್ದೆ ಖಾಲಿ ಇಲ್ಲದಿದ್ದರೆ ಬಡ್ತಿ ನಿಂತುಹೋಗುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಎನ್‌ಐಸಿ (ಕೇಂದ್ರ ಸರ್ಕಾರದ ಐಟಿ ಸಂಸ್ಥೆ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್) ವಿಜ್ಞಾನಿಗಳಿಗೆ ಫ್ಲೆಕ್ಸಿಬಲ್ ಕಾಂಪ್ಲಿಮೆಂಟಿಂಗ್ ಸ್ಕೀಮ್ ಅನ್ವಯಿಸುತ್ತದೆ. ನೀವಿರುವ ಹುದ್ದೆಯೇ ಮೇಲೇರುತ್ತದೆ. ಕನಿಷ್ಠ ಸೇವೆ ಬಿ ಇಂದ ಸಿಗೆ 3 ವರ್ಷ, ಡಿಗೆ 4, ಇಗೆ 4, ಎಫ್‌ಗೆ 5, ಜಿಗೆ ಮತ್ತೆ 5. ವೇತನ ಲೆವೆಲ್ 10ರಿಂದ (ಆರಂಭಿಕ ಮೂಲವೇತನ ₹56,100) 14ಕ್ಕೆ.

ಒಟ್ಟು 21 ವರ್ಷ ಅನ್ನುವುದು ಕಾಗದದ ಲೆಕ್ಕ ಅಷ್ಟೇ. ಅವಧಿ ಮುಗಿದರೆ ಸಿಗುವುದು ಅರ್ಹತೆ ಮಾತ್ರ. ಎಪಿಎಆರ್ (ವಾರ್ಷಿಕ ಕಾರ್ಯನಿರ್ವಹಣಾ ಮೌಲ್ಯಮಾಪನ ವರದಿ) ಅಂಕಗಳ ಜರಡಿ, ಆಮೇಲೆ ಸಂದರ್ಶನ ಇದ್ದೇ ಇದೆ. ಎಡವುವುದು ಸ್ವಮೌಲ್ಯಮಾಪನದಲ್ಲಿ: ‘ಪೋರ್ಟಲ್ ನಿರ್ವಹಣೆ’ ಎಂದು ಒಂದೇ ಸಾಲು ಗೀಚಿಬಿಡುತ್ತಾರೆ. ಯಾವ ಮಾಡ್ಯೂಲ್ ನೀವೇ ವಿನ್ಯಾಸ ಮಾಡಿದ್ದು, ಎಷ್ಟು ಜಿಲ್ಲೆಗಳಲ್ಲಿ ಓಡುತ್ತಿದೆ, ಸೆಕ್ಯುರಿಟಿ ಆಡಿಟ್ ಯಾವಾಗ ಮುಗಿಯಿತು, ಇದನ್ನೆಲ್ಲ ಆಯಾ ವರ್ಷವೇ ಬರೆದಿಡಿ. ಮಹಾನಿರ್ದೇಶಕರ ಹುದ್ದೆ ಈ ಸ್ಕೀಮಿನ ಹೊರಗೆ.