ಬರ್ಡ್‌ನ ನಾಲ್ಕು ದನಿಯ ಮಾಸ್: ಒಳ್ಳೆಯ ರೆಕಾರ್ಡಿಂಗ್ ಗುರುತಿಸೋದು ಹೇಗೆ?

ಇಂಗ್ಲೆಂಡಿನ ಸಂಗೀತ ರಚನೆಕಾರ ವಿಲಿಯಂ ಬರ್ಡ್‌ನ ನಾಲ್ಕು ದನಿಯ ಮಾಸ್ ಅನ್ನು, ಅಂದರೆ ಕ್ಯಾಥೊಲಿಕರ ಪೂಜೆಗೆ ಹಾಡುವ ಸಂಗೀತವನ್ನು, ಮೂರು ತಂಡಗಳಿಂದ ಕೇಳಿದೆ, ಎಲ್ಲವೂ ಚೆನ್ನಾಗಿವೆ, ವ್ಯತ್ಯಾಸವೇ ಗೊತ್ತಾಗ್ತಿಲ್ಲ ಅಂತ ಕೇಳಿದ್ದೀರಿ. ಶುರುವಿನಲ್ಲಿ ನನಗೂ ಹಾಗೇ ಆಗಿತ್ತು. ದೊಡ್ಡ ಚರ್ಚಿನ ಗುಂಯ್‌ಗುಡುವ ಪ್ರತಿಧ್ವನಿಗೇ ಮರುಳಾಗಿದ್ದೆ.

ಇಡೀ ಮಾಸ್ ಬೇಡ. ಕೊನೆಯ ಭಾಗ ‘ಆಗ್ನುಸ್ ದೇಯಿ’ ಮಾತ್ರ ಹೆಡ್‌ಫೋನ್‌ನಲ್ಲಿ ಹಾಕಿ. ಮೊದಲು ಎರಡೇ ದನಿ, ಆಮೇಲೆ ಮೂರು, ಕೊನೆಗೆ ನಾಲ್ಕೂ ಸೇರುತ್ತವೆ. ‘ದೋನಾ ನೋಬಿಸ್ ಪಾಚೆಂ’ ಅನ್ನೋ ಮಾತು ಬಂದಾಗ ಕಿವಿಗೊಡಿ. ‘ನಮಗೆ ಶಾಂತಿ ಕೊಡು’ ಅಂತ ಅರ್ಥ. ಅಲ್ಲಿ ಒಂದು ದನಿ ತನ್ನ ಸ್ವರ ಬಿಡದೆ ಹಿಡಿದಿರುತ್ತದೆ. ಇನ್ನೊಂದು ಬಂದು ಅದಕ್ಕೆ ತಾಗುತ್ತದೆ. ಸಣ್ಣಗೆ ಚುಚ್ಚಿದ ಹಾಗಾಗುತ್ತದೆ. ಹಿಡಿದ ದನಿ ಒಂದು ಮೆಟ್ಟಿಲು ಇಳಿದಾಗಲೇ ಹಗುರ. ಅಷ್ಟರಲ್ಲಿ ಮತ್ತೊಂದು ಚುಚ್ಚು! ಒಳ್ಳೆಯ ತಂಡ ಈ ಚುಚ್ಚನ್ನು ಮುಚ್ಚಿಡುವುದಿಲ್ಲ. ಹಿಡಿದ ಸ್ವರಕ್ಕೆ ಸ್ವಲ್ಪ ಒತ್ತು ಕೊಟ್ಟು, ಇಳಿಯುವಾಗ ದನಿ ತಗ್ಗಿಸುತ್ತದೆ. ಬರೀ ನಯವಾಗಿ ಹರಿದುಹೋದರೆ ಏನೋ ಕಳೆದುಹೋಗಿದೆ ಅಂತಲೇ ನನ್ನ ಲೆಕ್ಕ.

ಇದಕ್ಕೆ ಕಾರಣವೂ ಇದೆ. ಬರ್ಡ್ ಕ್ಯಾಥೊಲಿಕ್. ಮೊದಲನೇ ಎಲಿಜಬೆತ್ ರಾಣಿಯ ಪ್ರೊಟೆಸ್ಟಂಟ್ ಇಂಗ್ಲೆಂಡಿನಲ್ಲಿ ಮಾಸ್ ಮಾಡುವುದೇ ಕಾನೂನಿಗೆ ವಿರುದ್ಧವಾಗಿತ್ತು. 1590ರ ದಶಕದಲ್ಲಿ ಅವನ ಮೂರು ಮಾಸ್‌ಗಳು ಅಚ್ಚಾದಾಗ ಅಚ್ಚುಮಾಡಿದವರ ಹೆಸರು ಹೇಳುವ ಶೀರ್ಷಿಕೆ ಪುಟ ಕೂಡ ಇರಲಿಲ್ಲ. ಮನೆಗಳಲ್ಲಿ ಗುಟ್ಟಾಗಿ ಸೇರಿದವರು ಶಾಂತಿ ಕೊಡು ಅಂತ ಬೇಡುವ ಸಾಲು ಅದು. ಸುಮ್ನೆ ಚಂದಕ್ಕೆ ಹಾಡಿದರೆ ಹೇಗೆ?

ಹಾಗಾಗಿ ನನಗೆ ಒಂದು ದನಿಗೆ ಒಬ್ಬರೇ ಹಾಡಿದ ಹಿಲಿಯರ್ಡ್ ಎನ್‌ಸೆಂಬಲ್ ಹತ್ತಿರ. ಪೀಟರ್ ಫಿಲಿಪ್ಸ್ ನಡೆಸುವ ಟ್ಯಾಲಿಸ್ ಸ್ಕಾಲರ್ಸ್‌ನಲ್ಲಿ ಗಾಯಕರು ಜಾಸ್ತಿ, ಆದರೆ ಶ್ರುತಿ ಎಷ್ಟು ಖಚಿತ ಅಂದರೆ ಪ್ರತಿ ಎಳೆಯೂ ಬೇರೆಬೇರೆಯಾಗಿ ಕೇಳಿಸುತ್ತದೆ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಚರ್ಚ್ ತಂಡದಲ್ಲಿ ಹುಡುಗರ ದನಿ ಮೇಲೆ ತೇಲುತ್ತದೆ, ತುಂಬ ಸುಂದರ. ಆದರೆ ಆ ಕಟ್ಟಡದ ಪ್ರತಿಧ್ವನಿಯಲ್ಲಿ ಒಳಗಿನ ದನಿಗಳು ಕಲಸಿಹೋಗುತ್ತವೆ ಅನಿಸುತ್ತದೆ.

ಇನ್ನೊಂದು ಮಾತು. ಎಲ್ಲರ ಕಿವಿಯೂ ಮೇಲಿನ ಸೊಪ್ರಾನೊ ಹಿಂದೆಯೇ ಹೋಗುತ್ತದೆ, ಅಲ್ವಾ? ಎರಡನೇ ಸಲ ಟೆನರ್, ಅಂದರೆ ಗಂಡಸರ ಎತ್ತರದ ದನಿ, ಒಂದನ್ನೇ ಹಿಡಿದು ಕೊನೆಯವರೆಗೂ ಹೋಗಿ. ಅದು ಎಲ್ಲಿ ಕೈತಪ್ಪಿತು ಅಂತ ಗುರುತು ಹಾಕಿಕೊಳ್ಳಿ. ನಿಮ್ಮ ಮೂರು ರೆಕಾರ್ಡಿಂಗ್‌ನಲ್ಲೂ ಹೀಗೆ ಮಾಡಿ ನೋಡಿ, ಯಾವುದರಲ್ಲಿ ಕೈತಪ್ಪಲಿಲ್ಲ ಅಂತ ನನಗೂ ತಿಳಿಸಿ.